ಎತ್ತರ ಮಾಡಿಸಿದ ಗಾಡಿ

ನನ್ನ ಗಾಡಿ ಕೆಟ್ಟದ್ದು ಅಣ್ಣನ ಪ್ರೀತಿಯಿಂದ. ಬೇರೆ ಯಾರಾದರೂ ಕೆಡಿಸಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಪ್ರೀತಿಯ ಜೊತೆ ಹೇಗೆ ಜಗಳವಾಡುವುದು?

ನಾನು ದನದ ಡಾಕ್ಟರು. ಮನೆ ಸಿಂದಗಿಯಲ್ಲಿ, ಕೆಲಸ ತಾಂಬಾ ಸುತ್ತಲಿನ ಹಳ್ಳಿ ಮತ್ತು ಹೊಲಮನೆಗಳಲ್ಲಿ. ಆಳು ಕುಳ್ಳಿ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ಅನ್ನುತ್ತಾಳೆ. ನಿಜವೇ. ಒಂದು ಕಡೆ ಕೂತು ಒಂದು ಕಪ್ ಚಹಾ ಪೂರ್ತಿ ಕುಡಿದ ನೆನಪು ನನಗಿಲ್ಲ. ಸ್ಕೂಟರ್ ಆ ದಾರಿಗಳಲ್ಲಿ ಬಾಳುವುದಿಲ್ಲವೆಂದು ಕಚ್ಚಾ ರಸ್ತೆಗೆಂದೇ ಮಾಡಿದ ಎತ್ತರದ ಮೋಟರ್‌ಸೈಕಲ್ ಕೊಂಡೆ. ಮೊದಲ ರಜೆಯಲ್ಲೇ ಅದನ್ನು ತವರಿಗೆ, ಮುದ್ದೇಬಿಹಾಳಕ್ಕೆ, ತೋರಿಸಲು ಒಯ್ದೆ. ಹತ್ತಿರದ ದಾರಿ ಬಿಟ್ಟು, ಓಡಿಸುವ ಹುಚ್ಚಿಗೆ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ ಸುತ್ತಿಕೊಂಡು ಹೋದೆ.

ಓಣಿಯಲ್ಲಿ ಗಾಡಿ ನಿಲ್ಲಿಸುವಾಗ ನಾನು ತುದಿಗಾಲಲ್ಲಿ ತಡಕಾಡಿದ್ದನ್ನು ಅಣ್ಣ ನೋಡಿದ. ಊಟ ಮಾಡಿ ನಾನೊಂದು ನಿದ್ದೆ ತೆಗೆಯುವಷ್ಟರಲ್ಲಿ ಗಾಡಿಯನ್ನು ಗ್ಯಾರೇಜಿಗೆ ಒಯ್ದು ಕೆಲಸ ಮುಗಿಸಿಬಿಟ್ಟಿದ್ದ. ಹಿಂದಿನ ಗಾಲಿಯ ಶಾಕ್ ಅಬ್ಸಾರ್ಬರ್ ಕೆಳಗೆ ಅಂಗೈ ಉದ್ದದ ಎರಡು ಪಟ್ಟಿಗಳಿರುತ್ತವೆ, ಲಿಂಕ್ ಅನ್ನುತ್ತಾರೆ. ಅವನ್ನು ಉದ್ದ ಮಾಡಿದರೆ ಗಾಡಿಯ ಹಿಂಭಾಗ ಕೆಳಗೆ ಕೂರುತ್ತದೆ, ಗಿಡ್ಡ ಮಾಡಿದರೆ ಮೇಲೇಳುತ್ತದೆ. ಅಣ್ಣ ಉದ್ದದವನ್ನು ಹಾಕಿಸಿದ್ದ.

"ಈಗ ನೋಡು, ಎರಡೂ ಕಾಲ ನೆಲಕ್ಕ ಹತ್ತತಾವ. ಇನ್ನ ನನಗ ನಿದ್ದಿ ಬರ್ತೈತಿ," ಅಂದ.

ಅವನ ಮುಖ ನೋಡಿ ಗಾಡಿಯನ್ನು ಹಾಗೇ ಓಡಿಸಿಕೊಂಡು ಸಿಂದಗಿಗೆ ಬಂದೆ. ಡಾಂಬರು ರಸ್ತೆಯಲ್ಲಿ ಏನೂ ತೊಂದರೆಯಿರಲಿಲ್ಲ. ಆದರೆ ನನ್ನ ರೋಗಿಗಳು ಡಾಂಬರು ರಸ್ತೆಯ ಮೇಲೆ ಇರುವುದಿಲ್ಲ. ಹೊಲಮನೆಗಳ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡಿ ಎರಡು ಬದಿ ಕೊರಕಲು, ನಡುವೆ ದಿಂಡು. ಒಂದು ಕೊರಕಲಲ್ಲಿ ನೀರು ನಿಂತರೆ ದಿಂಡು ದಾಟಿ ಇನ್ನೊಂದಕ್ಕೆ ಇಳಿಯಬೇಕು. ಹಿಂದೆ ಔಷಧಿ ಪೆಟ್ಟಿಗೆ, ಮೇಲೆ ನಾನು. ದಾಟುವಾಗೆಲ್ಲ ಗಾಡಿಯ ಹೊಟ್ಟೆ ಕರಕರ ಉಜ್ಜುತ್ತಿತ್ತು. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು.

ಒಂದು ಮಳೆಗಾಲದ ಮುಂಜಾನೆ ತಾಂಬಾ ಹತ್ತಿರದ ಹೊಲಮನೆಯಿಂದ ಫೋನ್ ಬಂತು. ಒಬ್ಬಳೇ ಇದ್ದು ಎರಡು ಎಮ್ಮೆ ಕಟ್ಟಿಕೊಂಡು ಬಾಳುವ ವಯಸ್ಸಾದ ಹೆಂಗಸು. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಅಂದಳು. ಹೊರಟೆ. ಅವಳ ಮನೆಯ ಬೇವಿನ ಮರ ಕಣ್ಣಿಗೆ ಬೀಳುವ ಹೊತ್ತಿಗೆ ಗಾಡಿ ದಿಂಡಿನ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು. ಹಿಂದಿನ ಗಾಲಿ ಗಾಳಿಯಲ್ಲಿ ಗರಗರ ತಿರುಗಿತು. ಜಗ್ಗಿದೆ, ಒದ್ದೆ, ಅಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ಕೊನೆಗೆ ಪೆಟ್ಟಿಗೆ ಹೊತ್ತುಕೊಂಡು ಓಡಿದೆ. ಹಸಿ ಎರೆಮಣ್ಣಿನಲ್ಲಿ ಓಡುವುದೆಂದರೆ ಹೆಜ್ಜೆಗೊಂದು ಹೆಂಟೆ ಬೂಟಿಗೆ ಅಂಟುತ್ತದೆ, ಕಾಲೇ ಏಳುವುದಿಲ್ಲ.

ನಾನು ಮುಟ್ಟುವ ಹೊತ್ತಿಗೆ ಕರು ಒಳಗೇ ಸತ್ತಿತ್ತು. ಎಳೆದು ತೆಗೆದೆ. ಹೆಣ್ಣುಗರು. ಎಮ್ಮೆ ಉಳಿಯಿತು. ಆಕೆ ನನ್ನ ಕೈಗೆ ನೀರು ಹಾಕಿದಳು, ಚಹಾ ಇಟ್ಟಳು, ಕರುವಿನ ಮೇಲೆ ಹಳೆಯ ಗೋಣಿಚೀಲ ಹೊದಿಸಿದಳು.

"ಇನ್ನೊಂದೀಟ ಲಗೂನ ಬಂದಿದ್ರ ಡಾಕ್ಟರ್ ಬಾಯಾರ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಬೈದಿದ್ದರೆ ಬೈಸಿಕೊಂಡು ಮರೆಯುತ್ತಿದ್ದೆ. ಅರ್ಧಕ್ಕೆ ನಿಂತ ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಬೇಗ ಬಂದಿದ್ದರೆ ಕರು ಉಳಿಯುತ್ತಿತ್ತೇ? ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ. ಆಮೇಲೆ ಆಕೆ ನನ್ನನ್ನು ಕರೆಯಲಿಲ್ಲ. ಅದೇ ಎಮ್ಮೆಗೆ ಕೆಚ್ಚಲು ಬಾತಾಗ ಇಂಡಿಯಿಂದ ಬೇರೆ ಡಾಕ್ಟರನ್ನು ಕರೆಸಿದಳೆಂದು ಪಕ್ಕದ ಹೊಲದವರು ಹೇಳಿದರು. ನನಗೆ ನೋವಾಯಿತು, ಸಿಟ್ಟೂ ಬಂತು. ಆ ಮನೆಯಿಂದ ಇನ್ನೊಂದು ಸಲ ಫೋನ್ ಬರುವವರೆಗೆ ನನಗೆ ಸಮಾಧಾನವಿಲ್ಲ ಎಂಬುದು ಮಾತ್ರ ಖಾತ್ರಿಯಾಯಿತು.

ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ಸಿಂದಗಿಯ ಗ್ಯಾರೇಜಿಗೆ ಹೋದೆ. ಹಿಂಭಾಗ ಎತ್ತರಿಸಿರಿ ಅಂದೆ. ಎತ್ತರದವರೂ ಗಾಡಿ ತಗ್ಗಿಸಲು ಬರುತ್ತಾರೆ, ನೀವೇನು ಹೀಗೆ ಎಂದು ಮಿಸ್ತ್ರಿ ನಕ್ಕ. ಕಂಪನಿಯ ಎತ್ತರ ಸಾಲದು, ಅದಕ್ಕಿಂತ ಎರಡು ಬೆರಳು ಹೆಚ್ಚೇ ಬೇಕು ಅಂದೆ. ಅವನು ಲೇಥ್ ಅಂಗಡಿಯಲ್ಲಿ ಗಿಡ್ಡ ಪಟ್ಟಿ ಮಾಡಿಸಿಕೊಂಡು ಬಂದ. ಹಿಂದಿನ ಗಾಲಿ ಎತ್ತಿ, ಬೋಲ್ಟ್ ಬಿಚ್ಚಿ, ಹಳೆಯವನ್ನು ತೆಗೆದು ಹೊಸವನ್ನು ಕೂರಿಸಿದ. ಅವನು ಕೊಟ್ಟ ಸ್ಟೂಲಿನ ಮೇಲೆ ನಾನು ಕೂರಲಿಲ್ಲ, ಅವನ ತಲೆಯ ಮೇಲೇ ನಿಂತಿದ್ದೆ. ಹತ್ತಿ ನೋಡಿದರೆ ಒಂದೇ ಕಾಲಿನ ಹೆಬ್ಬೆರಳು ನೆಲಕ್ಕೆ ತಾಗುತ್ತಿತ್ತು.

"ಬೀಳ್ತೀರಿ ಬಾಯಾರ."

"ಬಿದ್ರ ಏಳ್ತೇನಿ. ಬೋಲ್ಟ್ ಬಿಗೀರಿ."

ಮರುದಿನ ದಿಂಡುಗಳನ್ನು ದಾಟಿದ ಖುಷಿ ಹೇಳತೀರದು. ಹೊಟ್ಟೆ ಒಂದು ಕಡೆಯೂ ಉಜ್ಜಲಿಲ್ಲ. ಮೊದಲ ಹೊಲಮನೆಯಲ್ಲಿ ಇಳಿದು, ಸೈಡ್ ಸ್ಟ್ಯಾಂಡ್ ಹಾಕಿ, ಆಕಳ ಕಡೆ ತಿರುಗಿದ್ದೆ ಅಷ್ಟೇ. ಹಿಂದೆ ಧೊಪ್ಪೆಂದಿತು. ಗಾಡಿ ಮಗ್ಗುಲಾಗಿ ಮಲಗಿತ್ತು, ಸಿರಿಂಜುಗಳು ಸಗಣಿಯ ಮೇಲೆ ಹರಡಿದ್ದವು. ಹಿಂಭಾಗ ಎತ್ತರವಾಗಿತ್ತು, ಸ್ಟ್ಯಾಂಡ್ ಮಾತ್ರ ಇದ್ದಷ್ಟೇ ಇತ್ತು. ಗ್ಯಾರೇಜಿನ ಸಿಮೆಂಟ್ ನೆಲದ ಮೇಲೆ ಗಾಡಿ ಒಂದಿಷ್ಟು ವಾಲಿ ನಿಂತಿದ್ದರಿಂದ ಇಬ್ಬರಿಗೂ ಹೊಳೆದಿರಲಿಲ್ಲ. ಎರೆಮಣ್ಣಿನಲ್ಲಿ ಆ ಗಿಡ್ಡ ಕಾಲು ಹೂತುಹೋಯಿತು. ನಮ್ಮ ನೆಲ ನಮಗೇ ಮರೆತಿತ್ತು. ಎರಡನೆಯ ಮನೆಯಲ್ಲೂ ಬಿತ್ತು. ಡಾಕ್ಟರ್ ಬಾಯಿ ಮೊದಲು ಗಾಡಿ ಮಲಗಿಸಿ ಆಮೇಲೆ ದನ ನೋಡುತ್ತಾರೆ ಎಂದು ಊರೆಲ್ಲ ನಗಾಡಿತು.

ಸ್ಟ್ಯಾಂಡಿಗೆ ತುಂಡು ಬೆಸೆದು ಉದ್ದ ಮಾಡುತ್ತೇನೆ, ಅರ್ಧ ದಿನ ಬಿಟ್ಟು ಹೋಗಿರಿ ಅಂದ ಮಿಸ್ತ್ರಿ. ಅರ್ಧ ದಿನ ಗಾಡಿ ಬಿಟ್ಟಿರುವ ತಾಳ್ಮೆ ಯಾರಿಗಿದೆ? ಮನೆಯ ಅಂಗಳಕ್ಕೆ ಹಾಸಿ ಉಳಿದಿದ್ದ ಫರಸಿ ಕಲ್ಲಿನ ತುಂಡೊಂದನ್ನು ಪೆಟ್ಟಿಗೆಗೆ ಹಾಕಿಕೊಂಡೆ. ನಿಲ್ಲಿಸುವಾಗ ಅದನ್ನು ಕೆಳಗೆ ಬೀಳಿಸಿ, ಕಾಲಿನಿಂದ ಸರಿಸಿ, ಮೇಲೆ ಸ್ಟ್ಯಾಂಡ್ ಊರುವುದು. ಹೊರಡುವ ಅವಸರದಲ್ಲಿ ಕಲ್ಲು ಅಲ್ಲೇ ಮರೆಯುವುದು, ಮರುದಿನ ಇನ್ನೊಂದು ತುಂಡು ಹುಡುಕುವುದು. ನಕ್ಕವರೇ ಬರಬರುತ್ತ ಆ ಕಲ್ಲುಗಳನ್ನು ಎತ್ತಿಡದೆ ಅಂಗಳದಲ್ಲೇ ಬಿಟ್ಟರು. ನಾನು ಕಲ್ಲು ಮರೆತು ಬಿಡದ ಮನೆಗಳಲ್ಲಿ ಅವರೇ ಕೊಟ್ಟಿಗೆಯಿಂದ ಒಂದು ತುಂಡು ತಂದು ಹಾಕಿದರು. ಮನೆಗೆ ಬಂದವರಿಗೆ ಮೊದಲು ನೀರು ಕೊಡುವ ಕಡೆ ನನಗೆ ಮೊದಲು ಕಲ್ಲು ಸಿಗತೊಡಗಿತು. ಗಾಡಿ ಎತ್ತರ ಮಾಡಿಸಿದ ಸುದ್ದಿ ಅಣ್ಣನಿಗೆ ಮುಟ್ಟಿ ಅವನು ನನ್ನ ಜೊತೆ ಮಾತು ಬಿಟ್ಟ. ಹಬ್ಬಕ್ಕೆ ಹೋದಾಗ ಗಾಡಿಯ ಸುತ್ತ ತಿರುಗಿ, ಮುಖ ಗಂಟಿಕ್ಕಿಕೊಂಡೇ ಸ್ಟ್ಯಾಂಡಿನ ಕೆಳಗೆ ಒಂದು ಹಲಗೆ ಸರಿಸಿದ.

ತಾಂಬಾದ ಆ ಮನೆಯಿಂದ ಮಾತ್ರ ಫೋನ್ ಬರಲಿಲ್ಲ. ಆಚೆಯ ಹೊಲಮನೆಗಳಿಗೆ ಅವಳ ಅಂಗಳದ ಮುಂದೆಯೇ ಹೋಗಬೇಕು. ಗಾಡಿ ನಿಧಾನ ಮಾಡುತ್ತಿದ್ದೆ. ಕುಳ್ಳು ತಟ್ಟುತ್ತಿದ್ದವಳು ತಲೆಯೆತ್ತಿ ಆರಾಮ ಇದ್ದೀರೇ ಎಂದು ಕೇಳಿ ಮತ್ತೆ ಬಗ್ಗುತ್ತಿದ್ದಳು. ಎಮ್ಮೆ ಮತ್ತೆ ಗಬ್ಬವಾಗಿತ್ತು. ಹೋಗುತ್ತ ಬರುತ್ತ ಅದರ ಹೊಟ್ಟೆ ನೋಡುತ್ತಿದ್ದೆ. ಕರೆಯದ ಮನೆಗೆ ನುಗ್ಗುವ ಹಾಗಿಲ್ಲ, ನೋಡದೆ ಹೋಗಲು ಮನಸ್ಸು ಕೇಳುವುದಿಲ್ಲ. ಆ ತಿಂಗಳುಗಳಲ್ಲಿ ಫೋನ್ ರಿಂಗಾದಾಗಲೆಲ್ಲ ಅವಳ ನಂಬರೇ ಎಂದು ಓಡಿಹೋಗಿ ನೋಡುತ್ತಿದ್ದೆ.

ಮರುವರ್ಷದ ಹಿಂಗಾರಿ ಜೋಳ ಬಿತ್ತುವ ದಿನಗಳು. ಒಂದು ಮುಂಜಾನೆ ಆ ದಾರಿಯಲ್ಲಿ ಹೋಗುತ್ತಿದ್ದೆ. ಅವಳ ಬೇವಿನ ಮರದ ಕೆಳಗೆ ಹೊಸದೊಂದು ಫರಸಿ. ತುಂಡಲ್ಲ, ಇಡೀ ಹಾಸುಗಲ್ಲು. ತೊಳೆದು, ಮಟ್ಟ ನೋಡಿ ಕೂರಿಸಿದ್ದು. ಆ ಮನೆಯಲ್ಲಿ ಸೈಕಲ್ ಕೂಡ ಇಲ್ಲ.

ಬ್ರೇಕ್ ಹಿಡಿದೆ. ಬೀಳುವುದರಲ್ಲಿದ್ದೆ, ಹೇಗೋ ಹೆಬ್ಬೆರಳು ಊರಿ ನಿಂತೆ. ಆಕೆ ಚೆಂಬಿನಲ್ಲಿ ನೀರು ಹಿಡಿದು ಹೊರಗೆ ಬಂದಳು. ಕೊಟ್ಟಿಗೆಯಲ್ಲಿ ಎಮ್ಮೆ ಕೂತು ಏಳುತ್ತಿತ್ತು, ಎದ್ದು ಕೂರುತ್ತಿತ್ತು. ನೋವು ಈಗಷ್ಟೇ ಶುರುವಾಗಿತ್ತು.

"ಹ್ವಾದ ಸಲ ನಾನೂ ತಡಾ ಮಾಡಿ ಫೋನ್ ಹಚ್ಚಿದ್ನಿ, ಯವ್ವಾ. ಈ ಸಲ ಮೊದಲ ಹೇಳಾಕತ್ತೇನಿ," ಅಂದಳು.

ಸ್ಟ್ಯಾಂಡನ್ನು ಕಲ್ಲಿನ ಮೇಲೆ ಊರಿದೆ. ಗಾಡಿ ಅಲುಗದೆ ನಿಂತಿತು. ಕಟ್ಟೆಯ ಮೇಲೆ ಕೂತು ಆಕೆ ಕೊಟ್ಟ ಚಹಾ ಪೂರ್ತಿ ಕುಡಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಮ್ಮೆ ಸುಸೂತ್ರವಾಗಿ ಈದಿತು. ಅಲ್ಲಿಯವರೆಗೆ ನಾನು ಆ ಅಂಗಳ ಬಿಟ್ಟು ಏಳಲಿಲ್ಲ.