ಅರ್ಧ ರೊಟ್ಟಿಯ ಜ್ವರ

ಕೆಲಸದ ಮೇಲೆ ಯಾವ ಊರಿಗೆ ಹೋದರೂ ಒಂದೇ ತಿಂಡಿ ಗಾಡಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳುವವನಲ್ಲ ನಾನು. ನಾಲ್ಕು ಗಾಡಿಗಳಲ್ಲಿ ಸ್ವಲ್ಪ ಸ್ವಲ್ಪ ರುಚಿ ನೋಡಬೇಕು. ಯಲಹಂಕದಲ್ಲಿ ಮೊದಲು ಸಿಕ್ಕಿದ್ದು ವಿಜಯಪುರದ ಕಡೆಯ ಅಕ್ಕನೊಬ್ಬರ ರೊಟ್ಟಿ ಗಾಡಿ. ಪಕ್ಕದಲ್ಲೇ ಬಜ್ಜಿ ಗಾಡಿ. ಬಜ್ಜಿಗೂ ಜಾಗ ಇರಲಿ ಅಂತ, "ಅಕ್ಕ, ಅರ್ಧ ರೊಟ್ಟಿ, ಎಣ್ಣೆಗಾಯಿ ಕೊಡಿ" ಅಂದೆ.

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ಅರ್ಧ ರೊಟ್ಟಿ ಜಡ್ಡಾದವ್ರಿಗೆ ಕೊಡೋದ್ರೀ. ನಿಮಗ ಏನಾಗೇತಿ?"

ಬರೀ ರುಚಿ ನೋಡಲು ಬಂದೆ ಅನ್ನಲು ಧೈರ್ಯ ಸಾಲಲಿಲ್ಲ. "ಸ್ವಲ್ಪ ಜ್ವರ" ಅಂದುಬಿಟ್ಟೆ.

ಅಕ್ಕ ಎಣ್ಣೆಗಾಯಿ ಪಾತ್ರೆಯ ಮುಚ್ಚಳ ಮುಚ್ಚಿದರು. ಚಹಾಕ್ಕೆಂದು ಇಟ್ಟಿದ್ದ ಬಿಸಿ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿ, ಎದುರಿಗೇ ನಿಂತು ಪೂರ್ತಿ ತಿನ್ನಿಸಿದರು.

ಮೆಲ್ಲಗೆ ಬಜ್ಜಿ ಗಾಡಿಗೆ ಸರಿದೆ. ಬಜ್ಜಿಯವನು ತಲೆಯಾಡಿಸಿದ. "ಬೇಡ ಸಾರ್. ಜ್ವರದಲ್ಲಿ ಎಣ್ಣೇದು ಕೊಟ್ರೆ ಅಕ್ಕ ನನ್ನ ಬೈತಾರೆ."

ಮೊನ್ನೆ ಮತ್ತೆ ಹೋದಾಗ, ವಾಸಿಯಾಗಿದೆ ಅಂತ ನಂಬಿಸಲು ಎಣ್ಣೆಗಾಯಿ ಜೊತೆ ಮೂರು ರೊಟ್ಟಿ ತಿಂದೆ. ಅಕ್ಕನಿಗೆ ಸಮಾಧಾನವಾಯಿತು. ತಾವೇ ಬಜ್ಜಿಯವನನ್ನು ಕೂಗಿ, "ಆರಾಮ ಆಗ್ಯಾರ, ಇನ್ನ ಕೊಡಪಾ" ಅಂದರು.

ಅಷ್ಟು ಹೊತ್ತಿಗೆ ಹೊಟ್ಟೆಯಲ್ಲಿ ಬಜ್ಜಿಗೆ ಜಾಗವೇ ಇರಲಿಲ್ಲ.