ಅಕ್ಷರ ಇದ್ದರೆ ಓದು, ಗೊಂಬೆ ಕುಣಿದರೆ ಆಟ

ಮೊನ್ನೆ ಅಮ್ಮ ಯಲಹಂಕ ಮಾರ್ಕೆಟ್ಟಿನಿಂದ ಅವರೆಕಾಯಿ ತಂದಳು. ಚೀಲ ಬಿಚ್ಚಿದ ಕೂಡಲೇ ಸೊಗಡು ಮನೆಯೆಲ್ಲ ತುಂಬಿತು. ಊರಿಗೆಲ್ಲ ಬಾಯಲ್ಲಿ ನೀರೂರಿಸುವ ಆ ವಾಸನೆಗೆ ನನ್ನ ಕೈಕಾಲು ತಣ್ಣಗಾಗುತ್ತದೆ. ಹತ್ತನೇ ಕ್ಲಾಸಿನ ಭಯ ಇನ್ನೂ ಅದರಲ್ಲೇ ಇದೆ...

ಆಗ ನಾವು ಅಮೃತಹಳ್ಳಿಯಲ್ಲಿದ್ದೆವು. ಪ್ರಾಜೆಕ್ಟಿಗೆ ಬೇಕೇ ಬೇಕು ಎಂದು ಅಪ್ಪನ ತಲೆ ತಿಂದು ಕಂಪ್ಯೂಟರ್, ಅದಕ್ಕೊಂದು ನೆಟ್ ಕನೆಕ್ಷನ್ ಹಾಕಿಸಿಕೊಂಡಿದ್ದೆ. ಅಪ್ಪ ಅಮ್ಮ ಕೆಲಸದಿಂದ ಬರುವುದು ಏಳಕ್ಕೆ. ಅಲ್ಲಿಯವರೆಗೆ ನನ್ನ ಮೇಲೊಂದು ಕಣ್ಣಿಡಲು ಅಮ್ಮ ಪಕ್ಕದ ಮನೆ ದೊಡ್ಡಮ್ಮನಿಗೆ ಹೇಳಿದ್ದಳು. ಅವರು ಆ ಊರಿನ ಹಳಬರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಓದುತ್ತಿದ್ದೇನೋ ಇಲ್ಲವೋ ತಿಳಿಯಲು ಅವರಿಗೊಂದು ಉಪಾಯ ಹೇಳಿಕೊಟ್ಟವಳು ನಾನೇ. ಪರದೆ ಮೇಲೆ ಬರೀ ಅಕ್ಷರ ಇದ್ದರೆ ಓದು, ಗೊಂಬೆ ಕುಣಿದರೆ ಆಟ.

ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ದೊಡ್ಡಮ್ಮ ನನ್ನ ಹಿಂದೆ ಕೂರುತ್ತಿದ್ದರು. ನಾನು ಗೆಳತಿಯರ ಜೊತೆ ಚಾಟಿಂಗ್ ಮಾಡುತ್ತಿದ್ದೆ. ಯಾವ ಮಿಸ್ ಯಾವ ಸೀರೆ ಉಟ್ಟಿದ್ದರು, ಯಾರು ಯಾರ ಜೊತೆ ಮಾತು ಬಿಟ್ಟರು... ಎಲ್ಲ ಅಕ್ಷರವೇ. ಕಾಯಿ ಸುಲಿಯುವ ಸದ್ದು ನಿಂತರೆ ಸಾಕು, ನಾನು ಟೈಪ್ ಮಾಡುವುದನ್ನು ನಿಲ್ಲಿಸಿಬಿಡುತ್ತಿದ್ದೆ. ಅವರು ಎದ್ದು ಬಂದು, ಬಗ್ಗಿ ನೋಡಿ, "ಏಟೊಂದ್ ಓದ್ತೀಯ ಮಗಾ, ಕಣ್ಣು ನೋಯಾಕಿಲ್ವಾ?" ಎಂದು ಹಾಲು ಕಾಯಿಸಿ ತರುತ್ತಿದ್ದರು. ಆ ಹಾಲು ಕುಡಿಯುವಾಗ ಇನ್ನೂ ಹೆದರಿಕೆಯಾಗುತ್ತಿತ್ತು.

ಪ್ರಿಪರೇಟರಿ ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಎರಡೂ ಹೋದವು. ಮಾರ್ಕ್ಸ್ ಕಾರ್ಡನ್ನು ಎರಡು ದಿನ ಬ್ಯಾಗಿನಲ್ಲೇ ಮುಚ್ಚಿಟ್ಟೆ. ಅಮ್ಮ ಕೆಮ್ಮಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಮೂರನೇ ದಿನ ಕಾರ್ಡು ಅವಳ ಕೈಗೆ ಸಿಕ್ಕಿತು. ನನ್ನ ರಟ್ಟೆ ಹಿಡಿದು ಪಕ್ಕದ ಮನೆಗೆ ಎಳೆದುಕೊಂಡು ಹೋದಳು.

"ಇವಳು ಕಂಪ್ಯೂಟರ್ ಮುಂದೆ ಏನ್ ಮಾಡ್ತಾಳೆ, ನಿಜ ಹೇಳಿ."

"ಓದ್ತಾಳೆ ಕಣವ್ವ. ಬರೀ ಅಕ್ಸರ. ದ್ಯಾವ್ರಾಣೆ, ಒಂದ್ ದಿನಾನೂ ಗೊಂಬೆ ಕುಣೀಲಿಲ್ಲ."

"ಆಟ ಆಡೋಕೆ ಬಿಟ್ಟು ಸುಳ್ ಬೇರೆ ಹೇಳ್ತೀರಲ್ಲ. ನಿಮ್ಮನ್ನ ನಂಬಿದ್ದು ನನ್ನ ತಪ್ಪು."

ದೊಡ್ಡಮ್ಮ ನನ್ನ ಕಡೆ ತಿರುಗಿದರು. ಅವರದೇನೂ ತಪ್ಪಿಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಏಟು ಬೀಳುತ್ತದೆ, ಸ್ಕೂಲೇ ಬಿಡಿಸಿಬಿಡುತ್ತಾರೆ... ನೆಲ ನೋಡುತ್ತಾ ನಿಂತೆ.

ಮಾರನೇ ದಿನದಿಂದ ಅವರು ಬರಲಿಲ್ಲ. ಅಪ್ಪ ನೆಟ್ ತೆಗೆಸಿದರು. ಹೆದರಿಕೆಯಲ್ಲೇ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಸ್ವೀಟ್ ಕೊಡಲು ಹೋದಾಗ ದೊಡ್ಡಮ್ಮ, "ನಂಗೆ ಓದಾಕ್ ಬಂದಿದ್ರೆ ನಿಂಗೆ ಅವತ್ತು ಅಂಗೆ ಆಯ್ತಿರ್ಲಿಲ್ಲ ಮಗಾ" ಎಂದರು. ನನ್ನ ತಪ್ಪನ್ನು ಅವರು ತಮ್ಮ ತಲೆಗೆ ಕಟ್ಟಿಕೊಂಡಿದ್ದರು. ಆಗಲೂ ನಾನು ಸ್ವೀಟನ್ನು ಅವರ ಕೈಗಿಟ್ಟು ಬಂದುಬಿಟ್ಟೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಇನ್ನು ಅವರ ಮುಂದೆ ಒಪ್ಪಿಕೊಳ್ಳುವ ದಾರಿಯಿಲ್ಲ. ಅಮ್ಮನಿಗಾದರೂ ಹೇಳೋಣ ಎಂದು ಮೊನ್ನೆ ಅವರ ಮಾತು ತೆಗೆದೆ.

"ಪಾಪ, ಒಳ್ಳೆಯವರೇ," ಎಂದಳು ಅಮ್ಮ. "ಆದ್ರೆ ಸುಳ್ಳು ಹೇಳ್ತಿದ್ರು ಕಣೇ."

ಮಾತು ನಾಲಿಗೆ ತುದಿಯವರೆಗೂ ಬಂತು... ಅಮ್ಮ ಮುಖ ಎತ್ತಿ ನೋಡಿ, "ಏನೇ?" ಎಂದಳು.

"ಏನಿಲ್ಲಮ್ಮ" ಎಂದೆ.