ಪಂಚಿಂಗ್ ಮೆಷಿನ್ನಿನ ರಜೆ

ಚಿಕ್ಕಮ್ಮನ ರಟ್ಟಿನ ಡಬ್ಬಿಗಳ ಕಾರ್ಖಾನೆ ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿದೆ. ಕಾರ್ಖಾನೆ ಎಂದರೆ ಮನೆಯ ಮುಂಭಾಗದ ಎರಡು ಕೋಣೆ, ನಡುವಿನ ಗೋಡೆ ಕೆಡವಿ ನಿಲ್ಲಿಸಿದ ಒಂದು ಪಂಚಿಂಗ್ ಮೆಷಿನ್. ಅದು ಬಾಯಿ ತೆರೆದು ಮುಚ್ಚಿದಾಗಲೆಲ್ಲ ಒಂದು ಹಾಳೆ, ಮಡಚಿದರೆ ಡಬ್ಬಿಯಾಗುವ ಆಕಾರ ಪಡೆದು ಹೊರಬರುತ್ತದೆ. ಚಿಕ್ಕವಳಿದ್ದಾಗ ಮಧ್ಯಾಹ್ನ ಒಳಮನೆಯ ತಂಪು ನೆಲದ ಮೇಲೆ ಮಲಗಿ ಆ ಸದ್ದು ಕೇಳುತ್ತಲೇ ನಿದ್ದೆಹೋಗುತ್ತಿದ್ದೆ. ಬೀದಿ ಉಸಿರಾಡುವುದೇ ಹೀಗೆ ಎಂದುಕೊಂಡಿದ್ದೆ.

ಕಳೆದ ವರ್ಷ ಮುಂಬೈಯ ಒಂದು ಕಂಪನಿ ದೀಪಾವಳಿ ಉಡುಗೊರೆಯ ಡಬ್ಬಿಗಳಿಗೆ ಆರ್ಡರ್ ಕೊಟ್ಟಿತು. ಊರಿನ ಸಿಹಿತಿಂಡಿ ಅಂಗಡಿಗಳು ಒಂದೊಂದಾಗಿ ಪ್ಲಾಸ್ಟಿಕ್ಕಿಗೆ ಹೊರಳಿದ್ದವು. ಈ ಗಿರಾಕಿ ಉಳಿದರೆ ಕಾರ್ಖಾನೆ ಉಳಿಯುತ್ತದೆ, ಇಲ್ಲವಾದರೆ ಮುಂಭಾಗವನ್ನು ಬಾಡಿಗೆಗೆ ಕೊಡುವುದೇ ಎಂದು ಚಿಕ್ಕಮ್ಮ ಹೇಳಿದ್ದರು. ಕಂಪನಿಯವರು ನಮ್ಮ ರಜಾದಿನಗಳ ಪಟ್ಟಿ ಕೇಳಿದರು, ಅದನ್ನು ನೋಡಿಕೊಂಡು ಗಾಡಿ ಕಳಿಸುತ್ತಾರಂತೆ.

ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾಲೇಜಿನ ಚರ್ಚಾತಂಡದಲ್ಲಿ ಪಳಗಿದವಳು. ಪ್ರತಿ ರಜೆಗೂ ಸಮರ್ಥನೆ ಕೇಳಿದೆ. ಸ್ವಾತಂತ್ರ್ಯ ದಿನಕ್ಕೆ ತಕರಾರಿರಲಿಲ್ಲ. ರಂಜಾನ್ ಎದುರು ಪ್ರಶ್ನೆಯ ಚಿಹ್ನೆ ಹಾಕಿದೆ.

"ಚಂದ್ರ ಕಾಣೋ ತನಕ ನಂಗೂ ಗೊತ್ತಿಲ್ಲಮ್ಮ, ಮುಂಬೈಯವರಿಗೂ ಗೊತ್ತಿಲ್ಲ. ಹಂಗೇ ಇರ್ಲಿ ಬಿಡು," ಎಂದರು ಭಾಯ್. ನಾನು ಹುಟ್ಟುವ ಮೊದಲಿನಿಂದಲೂ ಮೆಷಿನ್ ನಡೆಸುತ್ತಿರುವವರು ಅವರು.

"ಆಯುಧಪೂಜೆ?"

"ಅದ್ಯಾಕೆ ರಜ? ಅವತ್ತು ಎಲ್ಲರೂ ಬರ್ತಾರಲ್ಲ," ಎಂದರು ಚಿಕ್ಕಮ್ಮ. "ಮಾರನೇ ದಿನ ವಿಜಯದಶಮಿ ಹಾಕು."

ಎಲ್ಲರೂ ಬರುವ ದಿನ ಕೆಲಸದ ದಿನ. ವಾದದಲ್ಲಿ ಬಿರುಕು ಕಾಣಲಿಲ್ಲ. ಹಾಗೆಯೇ ಬರೆದು ಕಳಿಸಿದೆ.

ಆಯುಧಪೂಜೆಯ ಬೆಳಿಗ್ಗೆ ಎಲ್ಲರೂ ಬಂದರು, ಹೊಸ ಸೀರೆ, ಇಸ್ತ್ರಿ ಅಂಗಿ, ಮಕ್ಕಳುಮರಿಗಳ ಸಮೇತ. ಮೆಷಿನ್ನಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ್ದರು. ಮಂಗಳಾರತಿ ಆಗಿ ಪುರಿ ಹಂಚುತ್ತಿರುವಾಗ ನನ್ನ ಫೋನಿಗೆ ಸಂದೇಶ ಬಂತು: ಕೊನೆಯ ಕಂತು ಒಯ್ಯಲು ಗಾಡಿ ಇಂದು ಸಂಜೆ ಬರುತ್ತದೆ. ಪಟ್ಟಿಯ ಪ್ರಕಾರ ಇಂದು ಕೆಲಸದ ದಿನ. ಮೂಲೆಯಲ್ಲಿ ಪಂಚ್ ಆಗದ ಹಾಳೆಗಳ ರಾಶಿ ಇನ್ನೂ ಇತ್ತು.

"ಪೂಜೆ ಆಗೋಯ್ತಲ್ಲ ಚಿಕ್ಕಮ್ಮ, ಈಗ ಸ್ವಿಚ್ ಹಾಕಿದ್ರೆ ಏನಾಗತ್ತೆ?"

"ಏನೂ ಆಗಲ್ಲ. ಹಾಕಲ್ಲ, ಅಷ್ಟೇ."

"ಇದು ಉತ್ತರ ಅಲ್ಲ."

"ಹಂಗಾದ್ರೆ ನೀನೇ ಬೇರೆ ಹುಡುಕ್ಕೋ, ಲಾಯರಮ್ಮ."

ಭಾಯ್ ಕಡೆ ತಿರುಗಿದೆ. "ನೀವಾದ್ರೂ ಹೇಳಿ ಭಾಯ್."

ಹಿಂದಿನ ಸಂಜೆ ಮೆಷಿನ್ನನ್ನು ಒರೆಸಿ ಎಣ್ಣೆ ಹಾಕಿದ್ದವರು ಅವರೇ. ಜಾರಿದ ಹಾರವನ್ನು ಸರಿಮಾಡುತ್ತಾ ಹೇಳಿದರು: "ನಾನು ರಂಜಾನ್‌ಗೆ ರಜ ತಗೋತೀನಿ, ನಿಮ್ಮ ಚಿಕ್ಕಮ್ಮ ಯುಗಾದಿಗೆ. ಇದು ಯಾವಾಗ ತಗೊಂಡಿದೆ ಹೇಳಮ್ಮ?"

ಇದು ತರ್ಕವಲ್ಲ, ಬರೀ ಭಾವನೆ ಎಂದು ತಳ್ಳಿಹಾಕಬಹುದಿತ್ತು. ಎದುರಾಳಿ ಕೈತುಂಬ ಪುರಿ ಸುರಿಯುತ್ತಿರುವಾಗ ಖಂಡಿಸುವುದು ಕಷ್ಟ.

ಪಂಚ್ ಆಗಿದ್ದ ಹಾಳೆಗಳ ಅಂಚಿನ ಚೂರು ಬಿಡಿಸಿ ಮಡಚುವುದಾದರೂ ಆಗಲಿ ಎಂದು ಚಾಕು ಹುಡುಕಿದೆ. ಅದು ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಲಗಿತ್ತು. ಪಕ್ಕದಲ್ಲಿ ಕತ್ತರಿ, ಸ್ಕೇಲು, ಸ್ಟೇಪ್ಲರ್, ಯಾರೋ ಇಟ್ಟಿದ್ದ ನನ್ನ ಲ್ಯಾಪ್‌ಟಾಪ್.

"ಕೈಗೆ ಯಾರೂ ಕುಂಕುಮ ಹಚ್ಚಿಲ್ಲವಲ್ಲ," ಎನ್ನುತ್ತಾ ಚಿಕ್ಕಮ್ಮ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತರು. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

ಆ ಮಧ್ಯಾಹ್ನ ನನಗೆ ಈಗಲೂ ನೀರಿನೊಳಗಿನಿಂದ ಕಂಡಂತೆ ನೆನಪಿದೆ. ಮೆಷಿನ್ ಸುಮ್ಮನಿತ್ತು. ಅದರ ಸದ್ದಿನ ಹಿಂದೆ ಇಷ್ಟು ಕಾಲ ಅಡಗಿದ್ದ ಸದ್ದುಗಳು ಮೆಲ್ಲಗೆ ಹೊರಬಂದವು: ಗಡಿಯಾರ, ಅಳಿಲು, ರಟ್ಟು ಮಡಚುವ ಬೆರಳುಗಳ ಪಿಸುಮಾತು. ಕರ್ಪೂರದ ಹೊಗೆಯಲ್ಲಿ ರಟ್ಟಿನ ದೂಳು ಬಂಗಾರದಂತೆ ತೇಲುತ್ತಿತ್ತು. ಮಕ್ಕಳು ಖಾಲಿ ಡಬ್ಬಿಗಳನ್ನು ಬಾಗಿಲವರೆಗೂ ಜೋಡಿಸುತ್ತಾ ಹೋದರು. ಹೊರಗೆ ಒಡೆದ ಬೂದುಗುಂಬಳದ ಹೋಳುಗಳ ನಡುವೆ ಸ್ಕೂಟರುಗಳು ಹಾರ ತೊಟ್ಟು ಓಲಾಡುತ್ತಾ ಹೋಗುತ್ತಿದ್ದವು. ನಾನು ನಿದ್ದೆ ಮಾಡಿದೆನೋ ಮಡಚಿದೆನೋ ಖಚಿತವಿಲ್ಲ.

ಸಂಜೆ ಬಂದ ಗಾಡಿಗೂ ಹಾರವಿತ್ತು. ಮಡಚಿದಷ್ಟನ್ನು ಹೇರಿಕೊಂಡು ಹೋಯಿತು. ಪಂಚ್ ಆಗದ ರಾಶಿ ಮೂಲೆಯಲ್ಲೇ ಉಳಿಯಿತು. ಚಿಕ್ಕಮ್ಮ ಮುಂಬೈಗೆ ಫೋನ್ ಮಾಡಿ ತಮ್ಮ ಹರಕು ಹಿಂದಿಯಲ್ಲಿ, ಮೆಷಿನ್ನಿಗೆ ಇವತ್ತು ರಜೆ ಎಂದರು. ಪಟ್ಟಿಯಲ್ಲಿ ಇರಲಿಲ್ಲವಲ್ಲ ಎಂದಿತು ಆ ಕಡೆಯ ಹೆಣ್ಣುದನಿ. ಪಟ್ಟಿ ಜನರದ್ದು ಎಂದರು ಚಿಕ್ಕಮ್ಮ. ಭಾಯ್ ಹಾರ ಮುಟ್ಟುವುದನ್ನೂ ನಿಲ್ಲಿಸಿದರು. ಕೊನೆಗೆ ಆಕೆ, ಉಳಿದದ್ದನ್ನು ವಿಜಯದಶಮಿ ಕಳೆದ ಕೂಡಲೇ ಕಳಿಸಿ, ಮುಂದಿನ ವರ್ಷ ಇದನ್ನೂ ಪಟ್ಟಿಯಲ್ಲಿ ಬರೆಯಿರಿ ಎಂದಳು.

ಮುಂದಿನ ವರ್ಷ. ಚಿಕ್ಕಮ್ಮ ಫೋನ್ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

ಈ ವರ್ಷದ ಪಟ್ಟಿಯಲ್ಲಿ ಆಯುಧಪೂಜೆಯನ್ನು ರಜೆ ಎಂದು ಬರೆದು ಚಿಕ್ಕಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ರಜ ಅಂತ ಯಾಕೆ ಬರ್ದಿದೀಯ? ಎಲ್ಲರೂ ಬರ್ತಾರಲ್ಲ."